ಶನಿವಾರ ಯಾರದ್ದು?

ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನದಲ್ಲಿ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತದೆ: ‘ಬಿಡುವಿನಲ್ಲಿ ಏನು ಮಾಡ್ತೀರಿ? ಸೈಡ್ ಪ್ರಾಜೆಕ್ಟ್ ಏನಾದರೂ ಇದೆಯಾ?’ ಕೇಳುವವರ ದನಿಯಲ್ಲಿ ಸ್ನೇಹವಿರುತ್ತದೆ. ಆದರೆ ‘ತಾಳಮದ್ದಲೆ ಕೇಳ್ತೀನಿ, ಐಪಿಎಲ್ ನೋಡ್ತೀನಿ, ಮಧ್ಯಾಹ್ನ ಮಲಗ್ತೀನಿ’ ಎಂದು ನಿಜ ಹೇಳಿದವರಿಗೆ ಕೆಲಸ ಸಿಗುವುದು ಅನುಮಾನ. ಸಿಕ್ಕರೂ, ಸೇರುವ ದಿನ ಸಹಿ ಹಾಕುವ ಕರಾರಿನಲ್ಲಿ ಹಲವು ಕಡೆ ಇನ್ನೊಂದು ಸಾಲಿರುತ್ತದೆ: ನೌಕರಿಯಲ್ಲಿರುವಷ್ಟು ಕಾಲ ನೀವು ಏನೇ ಬರೆದರೂ, ಎಲ್ಲೇ ಕೂತು ಬರೆದರೂ, ಅದು ಕಂಪನಿಯ ಸೊತ್ತು. ಸೇರುವ ಮುಂಚೆ ಹವ್ಯಾಸ ಇರಲೇಬೇಕು, ಸೇರಿದ ಮೇಲೆ ಅದು ನಿಮ್ಮದಾಗಿರಕೂಡದು. ಈ ಎರಡು ನಾಲಿಗೆಯ ಮಾತಿನ ಮೇಲೆ ನನ್ನ ಜಗಳ.

ನನ್ನದೂ ಒಂದು ಸೈಡ್ ಪ್ರಾಜೆಕ್ಟ್ ಇದೆ. ಪದ್ಯದ ಸಾಲು ಕೊಟ್ಟರೆ ಲಘು-ಗುರು ಹಾಕಿ, ಮಾತ್ರೆ ಎಣಿಸಿ, ಗಣ ವಿಂಗಡಿಸುವ ಪುಟ್ಟ ಪ್ರೋಗ್ರಾಮು. ಹೈಸ್ಕೂಲಿನಲ್ಲಿ ಪೆನ್ಸಿಲ್ ಹಿಡಿದು ನೀವೆಲ್ಲ ಮಾಡಿರುವ ಪ್ರಸ್ತಾರವೇ. ಅದು ಭಾಷಾಸೇವೆಯ ಸಂಕಲ್ಪದಿಂದೇನೂ ಹುಟ್ಟಲಿಲ್ಲ. ರಾತ್ರಿ ಊಟವಾದ ಮೇಲೆ ಯೂಟ್ಯೂಬಿನಲ್ಲಿ ಗಮಕ ಕೇಳುವ ಚಟದಿಂದ ಹುಟ್ಟಿತು. ಭಾಮಿನಿ ಷಟ್ಪದಿಯ ಮೂರು-ನಾಲ್ಕರ ನಡೆ ಕಿವಿಗೆ ಹತ್ತಿಕೊಂಡಿತ್ತು, ಯಂತ್ರಕ್ಕೂ ಹತ್ತುತ್ತದೆಯೋ ನೋಡೋಣ ಅನ್ನಿಸಿತು. ಯಂತ್ರದೊಳಗೆ ನಮ್ಮ ಲಿಪಿ ಬೇರೆಯೇ ವೇಷದಲ್ಲಿರುತ್ತದೆ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡಿನಲ್ಲಿ ಆರು ಸಂಕೇತ. ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಕೊನೆಗೆ ಈಕಾರ. ಒತ್ತಕ್ಷರದ ಹಿಂದಿನದು ಗುರು ಎಂದು ಯಂತ್ರಕ್ಕೆ ಹೇಳಬೇಕಾದರೆ, ಒತ್ತಕ್ಷರ ಅಂದರೆ ಏನು ಎಂಬಲ್ಲಿಂದ ಪಾಠ ಶುರುವಾಗಬೇಕು. ಒಂದು, ಎರಡು, ನಾಲ್ಕು, ಐದನೆಯ ಸಾಲಿಗೆ 14 ಮಾತ್ರೆ. ಮೂರು ಮತ್ತು ಆರನೆಯದಕ್ಕೆ ಕೊನೆಯ ಗುರುವೂ ಸೇರಿ 23. ಇದು ಸರಿಯಾಗಿ ಪರದೆಯ ಮೇಲೆ ಮೂಡಿದ ರಾತ್ರಿ ಆದ ಖುಷಿಯನ್ನು ಆಫೀಸಿನ ಯಾವ ಬಡ್ತಿಯೂ ಕೊಟ್ಟಿಲ್ಲ.

‘ಇದರಿಂದ ದುಡ್ಡು ಹೇಗೆ ಬರುತ್ತೆ?’ ಎಂದರು ಒಬ್ಬರು. ‘ಬಳಸುವವರು ಎಷ್ಟು ಜನ?’ ಎಂದರು ಇನ್ನೊಬ್ಬರು. ಇಬ್ಬರು. ನಾನು, ಮತ್ತು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವ ನನ್ನ ಗೆಳೆಯ.

ಹೀಗೆ ಲೆಕ್ಕ ಕೇಳುವವರು ತಮ್ಮ ಸಂಬಳದ ಮೂಲವನ್ನಾದರೂ ಒಮ್ಮೆ ನೋಡಿಕೊಳ್ಳಬೇಕು. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ‘ಸ್ಪೇಸ್ ಟ್ರಾವೆಲ್’ ಎಂಬ ಆಟ ಬರೆದುಕೊಂಡಿದ್ದರು, ಸೌರಮಂಡಲದಲ್ಲಿ ಗಗನನೌಕೆ ಓಡಿಸುವ ಆಟ. ದೊಡ್ಡ ಯಂತ್ರದ ಮೇಲೆ ಅದನ್ನು ಆಡುವುದು ದುಬಾರಿಯಾಯಿತೆಂದು, ಅಷ್ಟಾಗಿ ಯಾರೂ ಮುಟ್ಟದ ಪಿಡಿಪಿ-7 ಯಂತ್ರಕ್ಕೆ ಸಾಗಿಸಿದರು. ಆ ಯಂತ್ರದ ಮೇಲೆ ಪಳಗಿದ ಕೈಯಿಂದಲೇ ಅಲ್ಲಿ ಯುನಿಕ್ಸ್ ಹುಟ್ಟಿತು. ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬಗ್ಗೆ ಮೊದಲು ಹೇಳಿಕೊಂಡಾಗ ಅದನ್ನು ಬರೀ ಹವ್ಯಾಸ ಎಂದೇ ಕರೆದಿದ್ದರು. ಗೀಡೊ ವಾನ್ ರಾಸಮ್ 1989ರ ಕ್ರಿಸ್ಮಸ್ ರಜೆಯಲ್ಲಿ ಹೊತ್ತು ಕಳೆಯಲು ಶುರುಮಾಡಿದ ಭಾಷೆಗೆ ‘ಪೈಥಾನ್’ ಎಂದು ಹೆಸರಿಟ್ಟದ್ದು ಬಿಬಿಸಿಯ ಹಾಸ್ಯ ಕಾರ್ಯಕ್ರಮ ‘ಮಾಂಟಿ ಪೈಥಾನ್’ ನೆನಪಲ್ಲಿ. ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಆಟ, ರಜೆ, ಟಿವಿಯ ತಮಾಷೆ. ಇವತ್ತು ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳಲ್ಲಿ ನಡೆಯುವ ಕೆಲಸದಲ್ಲಿ ಎಷ್ಟೊಂದು ಪಾಲು ಈ ಮೂರರ ಮೇಲೆ ನಿಂತಿದೆ.

ಕನ್ನಡದ ಕತೆಯಂತೂ ಇನ್ನೂ ಸ್ಪಷ್ಟ. ಕೆ. ಪಿ. ರಾವ್ ತಾವು ರೂಪಿಸಿದ ಕೀಲಿಮಣೆ ವಿನ್ಯಾಸದ ಮೇಲೆ ಹಕ್ಕು ಹೂಡಲಿಲ್ಲ. ಶೇಷಾದ್ರಿವಾಸು 1998ರಲ್ಲಿ ‘ಬರಹ’ ತಂತ್ರಾಂಶ ಹೊರತಂದು ಪುಕ್ಕಟೆ ಹಂಚಿದರು. ವಿ. ಕೃಷ್ಣ ಎಂಬುವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ, ಒಂದೂವರೆ ಲಕ್ಷ ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ‘ಅಲರ್’ 2019ರಿಂದ ಅಂತರಜಾಲದಲ್ಲಿ ಎಲ್ಲರಿಗೂ ಮುಕ್ತ. ಇವರ ಹತ್ತಿರ ಯಾರಾದರೂ ‘ಬಳಸುವವರು ಎಷ್ಟು ಜನ?’ ಎಂದು ಮೊದಲೇ ಲೆಕ್ಕ ಕೇಳಿ ಕೂರಿಸಿದ್ದರೆ, ನಾವು ಇನ್ನೂ ಕಂಗ್ಲಿಷ್ ಲಿಪಿಯಲ್ಲಿ ಪತ್ರ ಬರೆದುಕೊಂಡಿರುತ್ತಿದ್ದೆವು.

ಸಾಹಿತ್ಯದ ಗೆಳೆಯರ ಮೇಲೂ ನನ್ನದೊಂದು ತಕರಾರಿದೆ. ಟೆಕ್ಕಿಗಳ ಬಿಡುವು ಅಂದರೆ ಮಾಲು, ಒಟಿಟಿ, ಬಿಯರು ಎಂದು ಮೂಗು ಮುರಿಯುವ ಇವರು, ಯಶವಂತ ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿಯುತ್ತಲೇ ‘ಶಿಕಾರಿ’ ಬರೆದರೆಂಬುದನ್ನು ಮರೆಯುತ್ತಾರೆ. ಮಾಸ್ತಿ ಮೈಸೂರು ಸಂಸ್ಥಾನದ ಅಧಿಕಾರಿ. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ನಮ್ಮ ಸಣ್ಣಕತೆಗಳ ಒಂದು ದೊಡ್ಡ ಪಾಲು ಸೈಡ್ ಪ್ರಾಜೆಕ್ಟೇ. ಚಿತ್ತಾಲರ ಹಸ್ತಪ್ರತಿ ಕಂಪನಿಗೆ ಸೇರಿದ್ದು ಎಂದು ಯಾರಾದರೂ ಹೇಳಿದರೆ ನಗುತ್ತೇವೆ. ನನ್ನ ಪ್ರಸ್ತಾರದ ಪ್ರೋಗ್ರಾಮಿನ ಬಗ್ಗೆ ಅದೇ ಮಾತು ಕರಾರಿನಲ್ಲಿದ್ದರೆ ಯಾಕೆ ನಗುವುದಿಲ್ಲ?

ಸಂದರ್ಶನದ ಪ್ರಶ್ನೆಗೆ ಇನ್ನೊಂದು ಮುಖವಿದೆ. ಶನಿವಾರ-ಭಾನುವಾರದ ಕೋಡ್ ತೋರಿಸಿ ಎನ್ನುವವರು, ಆ ಶನಿವಾರ ಯಾರ ಕೈಯಲ್ಲಿ ಖಾಲಿ ಇರುತ್ತದೆ ಎಂದು ಯೋಚಿಸುವುದಿಲ್ಲ. ನನ್ನ ತಂಡದಲ್ಲಿ ನನಗಿಂತ ಚೆನ್ನಾಗಿ ಕೋಡ್ ಬರೆಯುವ ಇಬ್ಬರು ಹೆಂಗಸರಿದ್ದಾರೆ. ವಾರದ ಬಟ್ಟೆ, ಮಕ್ಕಳ ಹೋಂವರ್ಕು, ಅತ್ತೆಯ ಆಸ್ಪತ್ರೆ ಎಲ್ಲ ಅವರ ಪಾಲಿಗೇ ಬರುತ್ತವೆ. ನಾನು ಲಘು-ಗುರು ಎಣಿಸುತ್ತ ಕೂರುವಾಗ ನಮ್ಮ ಮನೆಯಲ್ಲೂ ಅಡುಗೆ ಯಾರೋ ಮಾಡುತ್ತಿರುತ್ತಾರೆ. ಹವ್ಯಾಸವನ್ನು ಅರ್ಹತೆ ಮಾಡಿದರೆ ಬಿಡುವಿದ್ದವರಷ್ಟೇ ಮೇಲೆ ಬರುತ್ತಾರೆ.

2022ರಲ್ಲಿ ವಿಪ್ರೋ, ಪ್ರತಿಸ್ಪರ್ಧಿಗಳಿಗೂ ದುಡಿಯುತ್ತಿದ್ದರೆಂದು 300 ಮಂದಿಯನ್ನು ತೆಗೆದಾಗ ‘ಮೂನ್‌ಲೈಟಿಂಗ್’ ಗದ್ದಲವೆದ್ದಿತು. ಒಂದೇ ಹೊತ್ತಿಗೆ ಎರಡು ಸಂಬಳ ಪಡೆಯುವುದು ಬೇರೆ ವ್ಯಾಜ್ಯ, ಅದರಲ್ಲಿ ನಾನು ವಕೀಲನಲ್ಲ. ಆದರೆ ಆ ಗದ್ದಲದ ನೆವದಲ್ಲಿ ಹವ್ಯಾಸವನ್ನೂ ಕಳ್ಳತನದ ಸಾಲಿಗೆ ಸೇರಿಸುವುದು ಬೇಡ. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಕೆಲಸವಾಗಿ ಮಾಡಿದ್ದಕ್ಕೆ ಮಾತ್ರ ಧಣಿ ಮೊದಲ ಒಡೆಯ. ‘ಏನೇ ಬರೆದರೂ’ ಎಂಬ ಸಾಲು ಬರುವುದು ಕಂಪನಿಯ ಕರಾರಿನಿಂದ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 2870ನೇ ಸೆಕ್ಷನ್ ಇಂಥ ಸಾಲಿಗೆ ಮಿತಿ ಹಾಕಿದೆ: ಸ್ವಂತ ಸಮಯದಲ್ಲಿ, ಸ್ವಂತ ಸಲಕರಣೆಯಿಂದ ನೌಕರ ಕಂಡುಹಿಡಿದದ್ದು ಧಣಿಯ ವ್ಯವಹಾರಕ್ಕೆ ಸಂಬಂಧಿಸಿರದಿದ್ದರೆ ಅದನ್ನು ಬರೆದುಕೊಡೆಂದು ಕೇಳುವಂತಿಲ್ಲ. ಆ ನಾಡಿನ ಕಣಿವೆಯ ಹೆಸರನ್ನು ತಂದು ಬೆಂಗಳೂರಿಗೆ ಅಂಟಿಸಿಕೊಂಡ ನಮಗೆ ಈ ಒಂದು ಕಾನೂನು ತರಲು ಏನು ಅಡ್ಡಿ? ಕನ್ನಡದ ತಂತ್ರಾಂಶಕ್ಕೆ ಅನುದಾನ ಕೇಳುವ ಸಂಘ-ಸಂಸ್ಥೆಗಳು ಅದರ ಜೊತೆಗೆ ಇದನ್ನೂ ಕೇಳಲಿ. ಸರ್ಕಾರಕ್ಕೆ ಒಂದು ಕಾಸೂ ಖರ್ಚಿಲ್ಲ.

ಅಂದಹಾಗೆ, ನನ್ನ ಪ್ರೋಗ್ರಾಮು ಹಳಗನ್ನಡಕ್ಕೆ ಬಂದರೆ ಈಗಲೂ ಎಡವುತ್ತದೆ. ಶಿಥಿಲದ್ವಿತ್ವದಲ್ಲಿ ಒತ್ತಕ್ಷರವನ್ನು ತೇಲಿಸಿ ಉಚ್ಚರಿಸುವುದರಿಂದ ಅದರ ಹಿಂದಿನದು ಲಘುವಾಗಿಯೇ ಉಳಿಯುತ್ತದೆ. ಓದುವವರ ನಾಲಿಗೆಗೆ ಅದು ಗೊತ್ತು; ಯಂತ್ರಕ್ಕೆ ಕಾಣುವುದು ಅಕ್ಷರ ಮಾತ್ರ. ಎರಡೂ ಬಗೆಯಲ್ಲಿ ಎಣಿಸಿ ಸಾಲಿನ ಲೆಕ್ಕಕ್ಕೆ ಹೊಂದುವುದನ್ನು ಇಟ್ಟುಕೊಳ್ಳುವುದೊಂದು ದಾರಿ ಎಂದು ಗೆಳೆಯ ಹೇಳುತ್ತಾನೆ. ಈ ಶನಿವಾರ ಮ್ಯಾಚ್ ಮುಗಿದ ಮೇಲೆ ಅದನ್ನು ಹಿಡಿದು ಕೂರಬೇಕು.