ನಿಮ್ಮ ಸೋಫಾ, ಅದರ ಬೆರಳು (ಬೆಕ್ಕಿನ ಉಗುರು: ಭಾಗ 3)

"ಉಗುರೇ ಬರದ ಹಾಗೆ ಆಪರೇಷನ್ ಮಾಡಿಸಬಹುದಾ?" ಅಂತ ಹೋದ ಭಾಗ ಹಾಕಿದ್ಮೇಲೆ ಕೇಳಿದ್ರಲ್ಲ, ಉತ್ತರ ಇಲ್ಲಿದೆ: ಮಾಡಿಸಬೇಡಿ.

ಡಿಕ್ಲಾಯಿಂಗ್ ಅಂದ್ರೆ ಬರೀ ಉಗುರು ಕೀಳೋದಲ್ಲ ರೀ. ಉಗುರು ಹುಟ್ಟೋದೇ ಬೆರಳಿನ ಕೊನೇ ಮೂಳೆಯಿಂದ, ಹಾಗಾಗಿ ಆ ಮೂಳೆಯನ್ನೇ ಕತ್ತರಿಸಿ ತೆಗೀತಾರೆ. ನಿಮ್ಮ ಬೆರಳನ್ನ ಕೊನೇ ಗೆಣ್ಣಿಗೆ ಕತ್ತರಿಸಿದ ಹಾಗೆ. ಆಮೇಲೆ ಟ್ರೇಯ ಮರಳಿನ ಮೇಲೆ ಕಾಲಿಟ್ರೂ ನೋವಾಗಬಹುದು, ಪರಚೋಕಾಗದ ಬೆಕ್ಕು ಕಚ್ಚೋಕೆ ಶುರು ಮಾಡಬಹುದು. ಬ್ರಿಟನ್ನಲ್ಲಿ ಕಾಯಿಲೆ ಇಲ್ಲದೆ ಹೀಗೆ ಮಾಡಿದ್ರೆ ಅಪರಾಧ. ನ್ಯೂಯಾರ್ಕ್ ರಾಜ್ಯ 2019ರಲ್ಲಿ ನಿಷೇಧಿಸಿತು. ನಮ್ಮ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಪ್ರಾಣಿಯ ಅಂಗ ಊನ ಮಾಡೋದನ್ನ ಹಿಂಸೆ ಅಂತಲೇ ಕರೆಯುತ್ತೆ.

"ಸೋಫಾ ಹಾಳಾಗುತ್ತೆ" ಅಂತೀರಾ? ಬೆಕ್ಕು ಪರಚೋದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಉಗುರಿನ ಹಳೇ ಸಿಪ್ಪೆ ಉದುರಿಸೋಕೆ. ಒಂದು ಹಲಗೆಗೆ ಸೆಣಬಿನ ಹಗ್ಗ ಸುತ್ತಿ ಸೋಫಾ ಪಕ್ಕದಲ್ಲೇ ನಿಲ್ಲಿಸಿ. ಒಂದು ನೇಲ್ ಕಟರ್ ತಗೊಳ್ಳಿ. ಖರ್ಚು ಇಷ್ಟೇ.

ನಿದ್ದೆಗಣ್ಣಲ್ಲಿರುವಾಗ ಪಾದದ ಮೆತ್ತೆ ಮೆಲ್ಲಗೆ ಒತ್ತಿ, ಉಗುರು ಹೊರಗೆ ಬರುತ್ತೆ. ಒಳಗೆ ಗುಲಾಬಿ ಬಣ್ಣ ಕಾಣುತ್ತಲ್ಲ, ಅಲ್ಲಿ ರಕ್ತ, ನರ ಎರಡೂ ಇದೆ, ಮುಟ್ಟಬೇಡಿ. ತುದಿಯ ಕೊಕ್ಕೆ ಮಾತ್ರ ತೆಗೀರಿ. ಒಟ್ಟು 18 ಉಗುರು, ಒಂದೇ ದಿನ ಮುಗಿಸೋ ಹಠ ಬೇಡ. ಮುಂಗಾಲಿನ ಒಳಬದಿಯ ಹೆಬ್ಬೆರಳಿನಂಥದ್ದನ್ನ ಎಲ್ರೂ ಮರೀತಾರೆ. ಅದು ನೆಲಕ್ಕೆ ತಾಗಲ್ಲ, ಬಿಟ್ಟರೆ ಸುತ್ತಿಕೊಂಡು ಮೆತ್ತೆಯೊಳಗೆ ಚುಚ್ಚುತ್ತೆ, ವಯಸ್ಸಾದ ಬೆಕ್ಕಲ್ಲಂತೂ ನೋಡ್ತಾನೇ ಇರಿ.

ಹಿಡಿಯೋಕೇ ಬಿಡದ ಬೆಕ್ಕಿಗೆ ಏನು ಮಾಡೋದು, ಭಾಗ 4ರಲ್ಲಿ. ಆಪರೇಷನ್ ಬಗ್ಗೆ ಮಾತ್ರ ಮತ್ತೆ ಕೇಳಬೇಡಿ.