ಕಂಪ್ಯೂಟರ್ ಬಂದ ಮೇಲೆ ಹಳೆಯ ಚೆಸ್ ಪುಸ್ತಕಗಳು ರದ್ದಿಗೇ ಸರಿಯೇ?

"ವಿಶ್ವ ಚಾಂಪಿಯನ್ನನ್ನೂ ಸೋಲಿಸುವ ತಂತ್ರಾಂಶ ಮೊಬೈಲಿನಲ್ಲೇ ಇರುವಾಗ ಹಳೆಯ ಚೆಸ್ ಪುಸ್ತಕ ಯಾಕೆ?" ಎನ್ನುವವರಿದ್ದಾರೆ. ಮೊದಲರ್ಧ ನಿಜ. 1997ರಲ್ಲೇ ಡೀಪ್ ಬ್ಲೂ ಕಂಪ್ಯೂಟರ್ ಕ್ಯಾಸ್ಪರೋವ್ ಅವರನ್ನು ಸೋಲಿಸಿತ್ತು. ಆದರೆ ಹಳೆಯ ಪುಸ್ತಕಗಳು ವ್ಯರ್ಥ ಎಂಬುದು ಅದರಿಂದ ಸಾಬೀತಾಗುವುದಿಲ್ಲ.

ಓದಲು ಕಷ್ಟವೇಕೆ?

ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ನಡೆಗಳನ್ನು 'ಪಿ-ಕೆ4' ಎಂಬಂತೆ ಬರೆಯುತ್ತಿದ್ದರು. ಅಂದರೆ ಕಾಲಾಳು ರಾಜನ ಸಾಲಿನ ನಾಲ್ಕನೇ ಮನೆಗೆ. ಇಬ್ಬರೂ ತಮ್ಮ ತಮ್ಮ ಕಡೆಯಿಂದ ಎಣಿಸುವುದರಿಂದ ಬಿಳಿಗೆ ಅದು ಇಂದಿನ 'ಇ4', ಕಪ್ಪಿಗೆ 'ಇ5'. 1981ರಿಂದ ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆ ಈ ಪದ್ಧತಿಯನ್ನು ಮಾನ್ಯ ಮಾಡುತ್ತಿಲ್ಲ.

ತಂತ್ರಾಂಶ ಹೇಗೆ ನೆರವಾಗುತ್ತದೆ?

1993ರಲ್ಲಿ ಸ್ಟೀವನ್ ಎಡ್ವರ್ಡ್ಸ್ ರೂಪಿಸಿದ 'ಪಿಜಿಎನ್' ಎಂಬ ಸರಳ ಪಠ್ಯರೂಪದಲ್ಲಿ ಆಟಗಳನ್ನು ಉಳಿಸಿಡಬಹುದು. ಲಿಚೆಸ್‌ನಂತಹ ಉಚಿತ ತಾಣದಲ್ಲಿ ಅದನ್ನು ಅಂಟಿಸಿದರೆ ಇಡೀ ಆಟ ಪರದೆಯ ಮೇಲೆ ನಡೆ ನಡೆಯಾಗಿ ತೆರೆದುಕೊಳ್ಳುತ್ತದೆ. ಪುಸ್ತಕ ನೋಡಿ ನೀವೇ ನಡೆಗಳನ್ನು ಹಾಕುತ್ತಾ ಹೋದರೆ ಇನ್ನೊಂದು ಲಾಭವಿದೆ. ನಿಯಮಕ್ಕೆ ವಿರುದ್ಧವಾದ ನಡೆಯನ್ನು ತಂತ್ರಾಂಶ ಒಪ್ಪುವುದಿಲ್ಲ. ಹಾಗಾದರೆ ಎಲ್ಲೋ ಮುದ್ರಣ ದೋಷವಿದೆ, ಇಲ್ಲವೇ ನೀವು ಓದಿದ್ದು ತಪ್ಪು.

'ತಿದ್ದುಪಡಿ'ಯೇ ತಪ್ಪಾದಾಗ

ಬಾಬಿ ಫಿಶರ್ ತಮ್ಮ 60 ಆಟಗಳನ್ನು ವಿವರಿಸಿದ ಪುಸ್ತಕ 1969ರಲ್ಲಿ ಬಂತು. 1995ರಲ್ಲಿ ಅದನ್ನು ಹೊಸ ಬರವಣಿಗೆ ಪದ್ಧತಿಗೆ ತಂದು ಮರುಮುದ್ರಿಸುವಾಗ ಪಠ್ಯವನ್ನೂ ಹಲವೆಡೆ ಬದಲಿಸಲಾಯಿತು. 1962ರ ಸ್ಟಾಕ್‌ಹೋಮ್ ಟೂರ್ನಿಯಲ್ಲಿ ಬೊಲ್ಬೊಚಾನ್ ವಿರುದ್ಧದ ಆಟದಲ್ಲಿ ಫಿಶರ್ ಕೊಟ್ಟಿದ್ದ ವಿಶ್ಲೇಷಣೆಯನ್ನು ಸರಿಪಡಿಸಲು ಹೋಗಿ ತಪ್ಪನ್ನೇ ಸೇರಿಸಿದರು. ಫಿಶರ್ ಕೆಂಡಾಮಂಡಲವಾದರು. 2008ರ ಆವೃತ್ತಿಯಲ್ಲಿ ಮೂಲ ಪಠ್ಯ ಮರಳಿತು. ಇಂದು ಇಂತಹ ವಾದವನ್ನು ಸ್ಟಾಕ್‌ಫಿಶ್‌ನಂತಹ ಉಚಿತ ತಂತ್ರಾಂಶದಲ್ಲಿ ನೀವೇ ಪರೀಕ್ಷಿಸಬಹುದು.

ತಂತ್ರಾಂಶ ಏನನ್ನು ಹೇಳಲಾರದು?

1920ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಆಡಮ್ಸ್ ಮತ್ತು ಟೊರೆ ನಡುವೆ ನಡೆಯಿತೆನ್ನಲಾದ ಆಟದಲ್ಲಿ ಬಿಳಿಯ ರಾಣಿ ನಡೆಯ ಮೇಲೆ ನಡೆ ಬಲಿಗೆ ಒಡ್ಡಿಕೊಳ್ಳುತ್ತದೆ. ನಡೆಗಳು ಸರಿಯೇ ಎಂದು ತಂತ್ರಾಂಶ ಹೇಳಬಲ್ಲದು. ಆದರೆ ಆ ಆಟ ನಿಜಕ್ಕೂ ನಡೆದಿತ್ತೇ ಎಂಬ ಇತಿಹಾಸಕಾರರ ಅನುಮಾನಕ್ಕೆ ಅದರ ಬಳಿ ಉತ್ತರವಿಲ್ಲ. ಅದಕ್ಕೆ ಅಂದಿನ ದಾಖಲೆಗಳೇ ಬೇಕು.

ಹಾಗೆಯೇ '+0.5' ಎಂದು ತೋರಿಸಿದರೆ ಬಿಳಿಗೆ ಸುಮಾರು ಅರ್ಧ ಕಾಲಾಳಿನಷ್ಟು ಮೇಲುಗೈ ಎಂದರ್ಥ. ಯಾಕೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ, ಪುಸ್ತಕ ಬರೆದ ಆಟಗಾರ ಹೇಳುತ್ತಾನೆ.

ಹಾಗಾದರೆ ಕಲಿಯುವುದು ಹೇಗೆ?

• ಮೊದಲು ಎಂಜಿನ್ ಆಫ್ ಮಾಡಿ, ಮುಂದಿನ ನಡೆಯನ್ನು ನೀವೇ ಊಹಿಸಿ.
• ಆಮೇಲೆ ಪುಸ್ತಕದ ವಿವರಣೆ ಓದಿ.
• ಕೊನೆಯಲ್ಲಿ ಎಂಜಿನ್ ಆನ್ ಮಾಡಿ. ಪುಸ್ತಕಕ್ಕೂ ಅದಕ್ಕೂ ಭಿನ್ನಾಭಿಪ್ರಾಯ ಬಂದರೆ ಅದು ತೋರಿಸಿದ ನಡೆಗಳನ್ನು ಮುಂದಕ್ಕೆ ಆಡಿ ನೋಡಿ.

ಈ ಕ್ರಮ ತಲೆಕೆಳಗಾದರೆ ಉತ್ತರ ಸಿಗುತ್ತದೆ, ಆಟ ಬರುವುದಿಲ್ಲ. "ಕಂಪ್ಯೂಟರ್ ಹೀಗೆ ಹೇಳಿದೆ" ಎಂಬ ಸಂದೇಶ ಬಂದಾಗಲೂ ಅಷ್ಟೇ. ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ನೀವೇ ಆಡಿ ನೋಡಿ.