ವಿಷಕ್ಕೆ ಔಷಧವೆಂಬ ಹೆಸರು

ಮೂರು ತಿಂಗಳಿಗೊಮ್ಮೆ ನಮ್ಮ ಸೊಸೈಟಿಯ ನೋಟೀಸು ಫಲಕದ ಮೇಲೆ ಒಂದು ಚೀಟಿ ಕಾಣಿಸಿಕೊಳ್ಳುತ್ತದೆ. 'ಬರುವ ಭಾನುವಾರ ಬೆಳಿಗ್ಗೆ ಎಲ್ಲ ಮನೆಗಳಲ್ಲಿಯೂ ಕೆಳಗಿನ ತೋಟದಲ್ಲಿಯೂ ಔಷಧ ಸಿಂಪಡಿಸಲಾಗುವುದು. ಸದಸ್ಯರು ಸಹಕರಿಸಬೇಕು.' ನಾವು ಸಹಕರಿಸುತ್ತೇವೆ. ಅಡಿಗೆಮನೆಯ ಡಬ್ಬಗಳನ್ನೆಲ್ಲ ತಂದು ಮಂಚದ ಮೇಲೆ ಪೇರಿಸಿ, ಮಕ್ಕಳನ್ನು ಕರೆದುಕೊಂಡು ಮೆಟ್ಟಿಲ ಮೇಲೆ ನಿಲ್ಲುತ್ತೇವೆ. ಬೆನ್ನಿಗೆ ಪಂಪು ಕಟ್ಟಿಕೊಂಡ ಹುಡುಗನೊಬ್ಬ, ಮೂಗಿಗೆ ಒಂದು ಕರವಸ್ತ್ರವೂ ಇಲ್ಲದೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಸಹಿ ಹಾಕಿಸಿಕೊಂಡು ಹೋಗುತ್ತಾನೆ. ಅವನು ಹೊಡೆದದ್ದು ಏನು, ಯಾವ ಹುಳುವಿಗೆ, ಎಷ್ಟು ಎಂದು ಕೇಳಿದವರಿಲ್ಲ. ಔಷಧವಲ್ಲವೆ, ಕೇಳುವುದೇನು!

ನಮ್ಮ ತಕರಾರು ಈ ಮಾತಿನಿಂದಲೇ ಆರಂಭ. ರೋಗಿಗೆ ಕೊಡುವುದು ಔಷಧ. ಕೊಲ್ಲಲೆಂದೇ ಮಾಡಿದ್ದು ವಿಷ. ಊರಿನ ಹೊಲಗಳಲ್ಲಿ 'ಔಷಧಿ ಹೊಡೆಯುವುದು' ಎನ್ನುತ್ತಾರೆ, ಇಲ್ಲಿ ಮುಂಬಯಿಯ ಮರಾಠಿ ನೆರೆಯವರೂ 'ಔಷಧ'ವೆಂದೇ ಅನ್ನುತ್ತಾರೆ. ಈ ಔಷಧ ಏನು ಮಾಡಬಲ್ಲದೆಂಬುದನ್ನು ದೇಶ 1958ರಲ್ಲಿ ಕಂಡಿತು. ಸಾಗಣೆಯಲ್ಲಿ ಆಹಾರಪದಾರ್ಥಗಳೊಡನೆ ಪ್ಯಾರಾಥಿಯಾನ್ ಎಂಬ ಕೀಟನಾಶಕ ಬೆರೆತು, ಕೇರಳದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ಬೆನ್ನಿಗೆ ನಡೆದ ವಿಚಾರಣೆಗಳ ಫಲವಾಗಿಯೇ 1968ರ ಕೀಟನಾಶಕ ಕಾಯಿದೆ ಬಂದದ್ದು. ಅದರ ನಿಯಮದಂತೆ ಪ್ರತಿಯೊಂದು ಡಬ್ಬದ ಮೇಲೆ ಓರೆಯಾಗಿ ನಿಂತ ಒಂದು ಚೌಕ ಇರಬೇಕು. ಅದರ ಕೆಳಗಿನ ತ್ರಿಕೋನದ ಬಣ್ಣವೇ ವಿಷದ ಅಳತೆ. ಕೆಂಪು ಘೋರ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ನಮ್ಮ ಸೊಸೈಟಿಯಲ್ಲಿ ಆ ತ್ರಿಕೋನವನ್ನು ಕಂಡವರು ಯಾರಾದರೂ ಇದ್ದರೆ ಮುಂದೆ ಬರಲಿ. ಹುಡುಗ ಬರುವುದು ಹೆಸರಿಲ್ಲದ ಪ್ಲಾಸ್ಟಿಕ್ ಕ್ಯಾನಿನೊಡನೆ.

ಇಷ್ಟಾಗಿ ಜಿರಳೆ ಹೋಯಿತೆ? ಇಲ್ಲ. ಅಡಿಗೆಮನೆಯ ಸಂದುಗಳಲ್ಲಿರುವ ಸಣ್ಣ ಜಿರಳೆ ತನ್ನ ಮೊಟ್ಟೆಗಳ ಚೀಲವನ್ನು ಒಡೆಯುವ ತನಕ ಬಾಲದಲ್ಲಿ ಹೊತ್ತೇ ತಿರುಗುತ್ತದೆ. ಒಂದೊಂದರಲ್ಲಿ ಮೂವತ್ತು ನಲವತ್ತು ಮೊಟ್ಟೆ. ಆ ಚೀಲದೊಳಕ್ಕೆ ಸಿಂಪಡಿಸಿದ ವಿಷ ಇಳಿಯುವುದು ಕಷ್ಟ. ಹಲವು ವಿಷಗಳನ್ನು ಅದು ಈಗಾಗಲೇ ಅರಗಿಸಿಕೊಂಡಿದೆ. ಗ್ಲೂಕೋಸಿನ ಸಿಹಿ ಬೆರೆಸಿ ಇಟ್ಟರೆ ಮೂಸಿಯೂ ನೋಡದ ತಳಿಗಳು ಹುಟ್ಟಿಕೊಂಡಿವೆ. ಇದಕ್ಕೆ ಜರ್ಮನ್ ಜಿರಳೆಯೆಂದು ಹೆಸರು, 1767ರಲ್ಲಿ ಲಿನೇಯಸ್ ಇಟ್ಟದ್ದು. ಆದರೆ 2024ರಲ್ಲಿ ವಿಜ್ಞಾನಿಗಳು ಇದರ ವಂಶವಾಹಿಗಳನ್ನು ಪರೀಕ್ಷಿಸಿ, ಸುಮಾರು 2100 ವರ್ಷಗಳ ಹಿಂದೆ ಭಾರತ-ಬರ್ಮಾದ ಕಡೆಯ ಕಾಡುಜಿರಳೆಯಿಂದ ಇದು ಬಂದದ್ದೆಂದು ತೋರಿಸಿದರು. ಊರು ಬಿಟ್ಟು ಹೋಗಿ ಪರರ ಹೆಸರು ಹೊತ್ತುಕೊಂಡವರು ನಾವಷ್ಟೇ ಅಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದು!

ವಿಷಕ್ಕೆ ಸಾಯುವವರು ಬೇರೆ ಇದ್ದಾರೆ. ಮೋರಿಯಿಂದ ಬರುವ ದೊಡ್ಡ ಕೆಂಪು ಜಿರಳೆಯ ಮೊಟ್ಟೆಚೀಲವನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆಯಿಡುವ ಒಂದು ಕಪ್ಪು ಪುಟ್ಟ ಕಣಜವಿದೆ. ಹೊಟ್ಟೆಯ ತುದಿಯನ್ನು ಬಾವುಟದಂತೆ ಮೇಲೆ ಕೆಳಗೆ ಆಡಿಸುತ್ತಾ ಬಚ್ಚಲಿನ ಗೋಡೆಯ ಮೇಲೆ ನಡೆಯುತ್ತದೆ. ಅದರ ಮರಿ ಚೀಲದೊಳಗಿನ ಮೊಟ್ಟೆಗಳನ್ನು ತಿಂದು ಬೆಳೆಯುತ್ತದೆ. ಮನುಷ್ಯರ ಗೊಡವೆ ಅದಕ್ಕಿಲ್ಲ. ನಾವು ಅದನ್ನು ನೊಣವೆಂದು ತಿಳಿದು ಚಪ್ಪಲಿ ಎತ್ತುತ್ತೇವೆ. ಹಳದಿ ಬಣ್ಣದ ಸಣ್ಣ ಇರುವೆಗಳ ಒಂದು ಜಾತಿಯ ಕಥೆ ಇನ್ನೂ ವಿಚಿತ್ರ. ಒಂದೇ ಗೂಡಿನಲ್ಲಿ ಹಲವು ರಾಣಿಯರು. ಸಿಂಪಡಣೆಯಿಂದ ಕೆಣಕಿದರೆ ಗೂಡು ಒಡೆದು ನಾಲ್ಕಾಗುತ್ತದೆ. ಹಣ ಕೊಟ್ಟು ಇರುವೆಯ ಸಂಸಾರ ಬೇರೆ ಮಾಡಿಸಿಕೊಡುವ ಬುದ್ಧಿವಂತರು ನಾವು!

ನಮ್ಮ ತಪ್ಪನ್ನೂ ಹೇಳಬೇಕು. ಹೋದ ವರ್ಷ ನಮ್ಮ ಬಾಲ್ಕನಿಯ ದಾಸವಾಳಕ್ಕೆ ಹಿಟ್ಟು ತಿಗಣೆ ಹತ್ತಿತ್ತು. ಅದರ ನಡುವೆ ಕಪ್ಪಗೆ, ಮೈಮೇಲೆ ಕಿತ್ತಳೆ ಚುಕ್ಕೆಯ, ಪುಟ್ಟ ಮೊಸಳೆಗಳಂಥ ಹುಳುಗಳು ಹರಿದಾಡುತ್ತಿದ್ದವು. ಅಸಹ್ಯವೆನಿಸಿ ಮೊದಲು ಅವನ್ನೇ ಕಡ್ಡಿಯಿಂದ ಎತ್ತಿ ಸಾಬೂನಿನ ನೀರಿಗೆ ಹಾಕಿದೆವು. ಹಾವೇರಿ ಕಡೆ ಹತ್ತಿ ಬೆಳೆಯುವ ನಮ್ಮ ಸೋದರಮಾವ ಆಗ ಮನೆಗೆ ಬಂದಿದ್ದರು. ಬಟ್ಟಲು ನೋಡಿ ತಲೆ ಚಚ್ಚಿಕೊಂಡರು: "ಗುಲಗಂಜಿ ಹುಳದ ಮರಿ ಅಲ್ಲೇನಪಾ ಇವು! ಕಾವಲಿಗಿದ್ದವರನ್ನ ಕೊಂದು ಕಳ್ಳರನ್ನ ಬಿಟ್ಟೀರಲ್ಲ!" ಹೇನು, ಹಿಟ್ಟು ತಿಗಣೆಗಳನ್ನು ತಿಂದು ಬದುಕುವ ಗುಲಗಂಜಿ ಹುಳುವನ್ನು ಚಿತ್ರದ ಪುಸ್ತಕದಲ್ಲಿ ಕಂಡಿದ್ದೆವು; ಅದರ ಮರಿಯ ಮುಖ ಕಂಡಿರಲಿಲ್ಲ. ಒಂದು ಜಾತಿಯ ಮರಿಯಂತೂ ಬಿಳಿ ಮೇಣ ಹೊದ್ದು ಹಿಟ್ಟು ತಿಗಣೆಯಂತೆಯೇ ಕಾಣುತ್ತದೆ. ಹಾಗೆಂದು ಚುಕ್ಕೆಯ ದುಂಬಿಗಳೆಲ್ಲ ಸಾಧುಗಳಲ್ಲ. ಅದೇ ಕುಲದ, ಮಾಸಲು ಮೈಯ, ಇಪ್ಪತ್ತೆಂಟು ಚುಕ್ಕೆಯ ದುಂಬಿ ಬದನೆಯ ಎಲೆಯನ್ನು ಜರಡಿ ಮಾಡಿಬಿಡುತ್ತದೆ. ಕೊಲ್ಲುವ ಮೊದಲು ಕಣ್ಣು ಬೇಕೆನ್ನುವುದು ಇದಕ್ಕೆ.

ಬಾಲ್ಕನಿಯ ಮಾತು ಸಣ್ಣದೆನ್ನುವವರು ಪರಂಗಿಯ ಕಥೆ ಕೇಳಲಿ. 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಂಡ ಪರಂಗಿಯ ಹಿಟ್ಟು ತಿಗಣೆ ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಹಬ್ಬಿತು. ಪರಂಗಿ, ಹಿಪ್ಪುನೇರಳೆ ತೋಟಗಳು ಬೆಳ್ಳಗಾದವು. ರೈತರು ಹೊಡೆದದ್ದೇ ಹೊಡೆದದ್ದು, ಮೇಣದ ಹೊದಿಕೆಯ ಆ ತಿಗಣೆ ಜಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೇಂದ್ರ ಕೀಟ ಸಂಸ್ಥೆ ಪೋರ್ಟೊರಿಕೊದಿಂದ ಸಾಸಿವೆಗಿಂತ ಚಿಕ್ಕದಾದ ಒಂದು ಕಣಜವನ್ನು ತರಿಸಿ ಬಿಡುಗಡೆ ಮಾಡಿತು. ಅದು ತಿಗಣೆಯ ಮೈಯೊಳಗೆ ಮೊಟ್ಟೆಯಿಡುತ್ತದೆ. ಪಂಪುಗಳು ಮಾಡಲಾರದ್ದನ್ನು ಆ ಕಣಜ ಮಾಡಿತು. ಅಂಥ ಕಣಜಗಳ ನೆಂಟರು ನಮ್ಮ ಕಟ್ಟಡದ ತೋಟದಲ್ಲಿಯೂ ಇರುತ್ತಾರೆ, ಮುಂದಿನ ಭಾನುವಾರದ ತನಕ.

ಕಿಟಕಿಯ ಮೂಲೆಯಲ್ಲಿ ಮಣ್ಣಿನ ಗಡಿಗೆ ಕಟ್ಟುವ ಕುಂಬಾರ ಕಣಜವನ್ನು ನಮ್ಮ ಹಿರಿಯರು ಗಮನಿಸಿದ್ದರು. ಅದು ಹಸಿರು ಹುಳುವನ್ನು ಒಳಗೆ ಒಯ್ಯುವುದನ್ನೂ, ಕೆಲದಿನಗಳ ಮೇಲೆ ಅದೇ ಗೂಡಿನಿಂದ ಕಣಜ ಹೊರಬರುವುದನ್ನೂ ಕಂಡು, ಹುಳುವೇ ಕಣಜವನ್ನು ಧ್ಯಾನಿಸಿ ಕಣಜವಾಯಿತೆಂದು ಭ್ರಮರಕೀಟ ನ್ಯಾಯ ಹೇಳಿದರು. ಅದು ತಪ್ಪು. ಕಣಜ ಹುಳುವನ್ನು ಕುಟುಕಿ ಜಡಗೊಳಿಸಿ ತನ್ನ ಮರಿಗೆ ಬುತ್ತಿ ಇಡುತ್ತದೆ, ಅಷ್ಟೆ. ಆದರೆ ತಪ್ಪು ಹೇಳಲಿಕ್ಕಾದರೂ ಅವರು ಗಂಟೆಗಟ್ಟಲೆ ಕುಳಿತು ನೋಡಿರಬೇಕು! ನಮ್ಮ ಮಕ್ಕಳಿಗೆ ಸೂರ್ಯನ ಕುದುರೆಯೂ 'ಕೀಡಾ', ಜರಿಯೂ 'ಕೀಡಾ', ಕೀಟವೇ ಅಲ್ಲದ ಎಂಟು ಕಾಲಿನ ಜೇಡವೂ 'ಕೀಡಾ'. ಸಂಘದಲ್ಲಿ ಕನ್ನಡ ತರಗತಿ ನಡೆಸುತ್ತೇವೆ, ಸಂತೋಷ. ಆದರೆ ಹೆಸರು ಕಲಿಸಲು ಎದುರಿಗೆ ಹುಳುವೇ ಉಳಿಯದಿದ್ದರೆ ಶಬ್ದಕೋಶದಿಂದ ಕಲಿಸುತ್ತೇವೆಯೆ?

"ಹಾಗಾದರೆ ಜಿರಳೆಯೊಡನೆ ಸಂಸಾರ ಮಾಡೋಣವೆ?" ಎಂದು ಕಾರ್ಯದರ್ಶಿಗಳು ನಮ್ಮನ್ನು ಹಾಸ್ಯ ಮಾಡಿದರು. ಖಂಡಿತ ಬೇಡ. ಜಿರಳೆಯ ಹಿಕ್ಕೆಯೂ ಸಿಪ್ಪೆಯೂ ಉಬ್ಬಸವನ್ನು ಕೆರಳಿಸುತ್ತವೆ. ತಿಗಣೆ, ಗೆದ್ದಲುಗಳ ಮೇಲೂ ನಮಗೆ ದಯೆಯಿಲ್ಲ. ಆದರೆ ಜಿರಳೆಗೆ ಬೇಕಾದದ್ದು ಸೋರುವ ನಲ್ಲಿ, ತೆರೆದ ಸಂದು, ರಾತ್ರಿಯ ಎಂಜಲು ತಟ್ಟೆ. ಅವನ್ನು ಮುಚ್ಚಿ, ಬಾಗಿಲ ತಿರುಗಣಿಯ ಬಳಿ ಚುಕ್ಕೆ ಚುಕ್ಕೆಯಾಗಿ ಜೆಲ್ ಇಟ್ಟರೆ ಮನೆಯನ್ನೆಲ್ಲ ತೋಯಿಸಬೇಕಾಗಿಲ್ಲ. ಡೆಂಗಿ ತರುವ ಪಟ್ಟೆಕಾಲಿನ ಸೊಳ್ಳೆ ಹಗಲು ಕಚ್ಚುತ್ತದೆ. ಹುಟ್ಟುವುದು ನಮ್ಮ ತುಳಸಿಕುಂಡದ ತಟ್ಟೆಯಲ್ಲಿ, ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ. ಮೊಟ್ಟೆಯಿಂದ ರೆಕ್ಕೆ ಬರುವ ತನಕ ಏಳೆಂಟು ದಿನ ಸಾಕು. ಒಣಗಿದ ಮೊಟ್ಟೆಯೂ ತಿಂಗಳುಗಟ್ಟಲೆ ಕಾಯುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ ತಟ್ಟೆ ಉಜ್ಜಬೇಕು. ಹೊಗೆಯ ಗಾಡಿ ಹಾರುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ, ತಟ್ಟೆಯೊಳಗಿನದನ್ನು ಮುಟ್ಟುವುದಿಲ್ಲ. ಅಕ್ಕಿ, ಜೋಳದ ನುಸಿಗೆ ಕೆಲವರು ಅಂಗಡಿಯಿಂದ ಕದ್ದುಮುಚ್ಚಿ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತರುತ್ತಾರೆ. ತೇವ ತಾಗಿದೊಡನೆ ಅದರಿಂದ ಕೊಲ್ಲುವ ಅನಿಲ ಹೊರಡುತ್ತದೆ. ಮನೆಬಳಕೆಗೆ ಅದನ್ನು ಮಾರುವಂತೆಯೇ ಇಲ್ಲ. ಬಿಸಿಲಿಗೆ ಹರವಲು ಗಚ್ಚಿಲ್ಲವೆನ್ನುವವರು ಮೊರ ಹಿಡಿಯಲಿ, ಸ್ವಲ್ಪ ಸ್ವಲ್ಪವಾಗಿ ಕೊಳ್ಳಲಿ.

ಕಳೆದ ಸಿಂಪಡಣೆಯ ರಾತ್ರಿ ಮೇಲಿನ ಮನೆಯ ಉಬ್ಬಸದ ಮಗು ಬೆಳಗಿನ ತನಕ ಏದುಸಿರು ಬಿಟ್ಟಿತು. ಅದರ ತಾಯಿ ಯಾರನ್ನೂ ದೂರಲಿಲ್ಲ. ಸಹಿ ಹಾಕಿದವರು ಅವರೇ ಅಲ್ಲವೆ? ನಾವೂ ಹಾಕಿದ್ದೆವು. ಈ ಸಲ ಹಾಕುವುದಿಲ್ಲ. ಡಬ್ಬದ ಚೀಟಿ ತೋರಿಸಿ, ಪರವಾನಗಿ ತೋರಿಸಿ, ಯಾವ ಮನೆಯಲ್ಲಿ ಯಾವ ಹುಳು ಕಂಡಿತೆಂದು ಬರೆದು ತೋರಿಸಿ, ಆ ಮನೆಗಷ್ಟೇ ಹೊಡೆಯಿರಿ, ತೋಟದ ತಂಟೆಗೆ ಹೋಗಬೇಡಿ, ಆ ಹುಡುಗನ ಮೂಗಿಗೆ ಮುಸುಕು ಕೊಡಿ ಎಂದು ಲಿಖಿತವಾಗಿ ಕೇಳಿದ್ದೇವೆ. ಕೆಳಗಿನ ತೋಟದ ನಿಂಬೆಗೆ 'ಹುಳು ಹತ್ತಿದೆ, ಕಡಿಸಿರಿ' ಎಂಬುದು ಸಮಿತಿಯ ಉತ್ತರ.

ಆ ಹುಳುಗಳನ್ನು ಹೋಗಿ ನೋಡಿದೆವು. ಐದು ಇವೆ. ಮೂರು ಇನ್ನೂ ಹಕ್ಕಿಯ ಹಿಕ್ಕೆಯಂತೆ ಕಪ್ಪು ಬಿಳುಪು. ಎರಡು ಹಸಿರಿಗೆ ತಿರುಗಿವೆ, ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬು ಚಾಚಿ ಘಾಟು ಬಿಡುತ್ತವೆ. 2015ರಲ್ಲಿ ಮಹಾರಾಷ್ಟ್ರ ತನ್ನ ರಾಜ್ಯಚಿಟ್ಟೆಯೆಂದು ಸಾರಿದ ನೀಲಿ ಮಾರ್ಮನ್ ಕೂಡ ನಿಂಬೆಯ ಕುಲದ ಎಲೆ ತಿಂದೇ ಬೆಳೆಯುವುದು. ಇವು ಅದೇ ಹೌದೋ, ಸಾಮಾನ್ಯ ನಿಂಬೆ ಚಿಟ್ಟೆಯೋ, ಹೊರಬಂದ ಮೇಲೆ ತಿಳಿಯಬೇಕು. ಅದಕ್ಕೆ ಎರಡು ವಾರ ಬೇಕು. ಸಿಂಪಡಣೆಗೆ ಇನ್ನು ಒಂಬತ್ತು ದಿನ ಇದೆ.